ಕೊಪ್ಪೆಯವನು ಜಗಲಿ ಹತ್ತಿದಾಗ

ಮಳೆ ಹಿಡಿದಿದೆ. ಹಂಚಿನ ಮಾಡಿನಿಂದ ಅಂಗಳಕ್ಕೆ ಸುರಿಯುವ ನೀರಿನ ಸದ್ದು ಬಿಟ್ಟರೆ ಮನೆಯಲ್ಲಿ ಇನ್ನೊಂದು ಸದ್ದಿಲ್ಲ. ನೀವು ನಡುಮನೆಯಲ್ಲಿ ಬರಿಗಾಲಲ್ಲಿ ನಿಂತಿದ್ದೀರಿ. ನೆಲ ತಣ್ಣಗಿದೆ. ಮೂಲೆಯಲ್ಲಿ ಅಡಿಕೆ ಮೂಟೆಗಳು, ಗೋಡೆಯಲ್ಲಿ ಅಜ್ಜನ ಕಾಲದ ಗಡಿಯಾರ, ಅದರ ಕೆಳಗೆ ಸೊಸೈಟಿಯವರು ಕೊಟ್ಟ ಕ್ಯಾಲೆಂಡರು. ಎಲ್ಲವೂ ಇರಬೇಕಾದಲ್ಲೇ ಇದೆ. ಮನೆಮಂದಿಯೆಲ್ಲ ಎಲ್ಲಿ ಹೋದರು ಎಂಬ ಪ್ರಶ್ನೆ ನಿಮಗೆ ಏಳುವುದೇ ಇಲ್ಲ. ಅಷ್ಟರಲ್ಲಿ ಹೊರಗೆ ಜಗಲಿಯ ಮೆಟ್ಟಿಲ ಮೇಲೆ ಒದ್ದೆ ಕಾಲು ಇಟ್ಟ ಸದ್ದು.

ಬಂದದ್ದು ಯಾರೆಂದು ನೋಡುವ ಮೊದಲೇ ನಿಮಗೆ ಗೊತ್ತು. ಕಂಬಳಿ ಕೊಪ್ಪೆ ಹಾಕಿಕೊಂಡ ಎತ್ತರದ ಆಳು. ಕೊಪ್ಪೆಯೊಳಗೆ ಮುಖ ಇರಬೇಕಾದಲ್ಲಿ ಬರೀ ಕತ್ತಲು. ಅವನು ಓಡುವುದಿಲ್ಲ, ಕೂಗುವುದಿಲ್ಲ, ಕೈಯಲ್ಲಿ ಕತ್ತಿಯೂ ಇಲ್ಲ. ನಡೆದು ಬರುತ್ತಾನೆ, ಅಷ್ಟೆ. ಹೆಬ್ಬಾಗಿಲಿಗೆ ಅಗುಳಿ ಹಾಕಲು ಹೋಗುತ್ತೀರಿ. ಅಗುಳಿ ತೂತಿಗಿಂತ ದಪ್ಪವಾಗಿಬಿಟ್ಟಿದೆ. ಬಿಟ್ಟು ಒಳಗೆ ಓಡುತ್ತೀರಿ. ಅಡಿಗೆಮನೆಯ ಬಾಗಿಲಿಗೆ ಚಿಲಕವೇ ಇಲ್ಲ. ಅದರಾಚೆ ಕತ್ತಲೆಕೋಣೆ, ಅದರಾಚೆ ಇನ್ನೊಂದು ಕೋಣೆ, ಆ ಮನೆಯಲ್ಲಿ ಎಂದೂ ಇಲ್ಲದಿದ್ದ ಕೋಣೆ. ಕಾಲು ಎತ್ತಿಡಲಾಗುತ್ತಿಲ್ಲ. ಕೂಗಬೇಕು, ಗಂಟಲು ಕಟ್ಟಿದೆ. ಬೆನ್ನ ಹಿಂದೆ ಒಂದೊಂದಾಗಿ ಬಾಗಿಲು ತೆರೆಯುತ್ತಿವೆ.

ಈ ಕನಸು ನಿಮಗೆ ಹಿಂದೆಯೂ ಬಿದ್ದಿದೆ. ಪ್ರತಿ ಸಲವೂ ಇಲ್ಲಿಗೆ ಬೆಚ್ಚಿ ಎದ್ದು, ಬೆವೆತ ಬೆನ್ನು ಗೋಡೆಗೊರಗಿಸಿ, ಬೆಳಗಾಗುವುದನ್ನು ಕಾಯುತ್ತ ಕೂತಿದ್ದೀರಿ. ಆಮೇಲೆ ಮಲಗುವುದಕ್ಕೇ ಹೆದರಿಕೆ ಶುರುವಾಯಿತು. ಕೆಟ್ಟ ಕನಸು ಮಾಡುವ ದೊಡ್ಡ ಹಾನಿ ಇದೇ ಎಂದು ನನಗನಿಸುತ್ತದೆ: ಕನಸು ಇದ್ದಷ್ಟು ಹೊತ್ತಿನದು ಸಣ್ಣದು, ಅದರ ಭಯದಲ್ಲಿ ಕಳೆದುಕೊಂಡ ನಿದ್ದೆ ದೊಡ್ಡದು. ಹಾಗಾಗಿ ಈ ರಾತ್ರಿ ನೀವು ತಯಾರಾಗಿ ಮಲಗಿದ್ದೀರಿ.

ತಯಾರಿ ಬಹಳ ಸರಳದ್ದು. ಬೆಂಗಳೂರಿನ ನಿಮ್ಮ ಕೋಣೆಯಲ್ಲಿ, ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ಹಿಂದಿನ ಕನಸುಗಳನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದೀರಿ. ಬರೆಯುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು: ಕೊಪ್ಪೆಯವನು ಬರುವುದು ಯಾವಾಗಲೂ ಅಜ್ಜನ ಮನೆಗೆ. ಆ ಮನೆ ಪಾಲಾಗಿ, ಮಾರಾಟವಾಗಿ, ಕೊನೆಗೆ ಕೆಡವಿಸಿಕೊಂಡು, ಈಗ ಆ ಜಾಗದಲ್ಲಿ ಹೋಂಸ್ಟೇ ಇದೆ. ಅಂದರೆ ಆ ನಡುಮನೆಯಲ್ಲಿ ನೀವು ನಿಂತಿದ್ದೀರಿ ಎಂದಾದರೆ ಅದು ಕನಸೇ ಆಗಿರಬೇಕು, ಬೇರೆ ದಾರಿಯಿಲ್ಲ. ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದೀರಿ.

ದೀಪ ಆರಿಸಿ ಮಲಗಿ, ಕಣ್ಣು ಮುಚ್ಚಿ, ಎಚ್ಚರದಲ್ಲೇ ಆ ಕನಸನ್ನು ಮತ್ತೆ ನೋಡಿದ್ದೀರಿ. ಮಳೆ, ನಡುಮನೆ, ಮೆಟ್ಟಿಲ ಸದ್ದು. ಸದ್ದು ಕೇಳಿದಲ್ಲಿಗೆ ಕಥೆ ಬದಲಿಸಿ, ಓಡದೆ ಹೆಬ್ಬಾಗಿಲ ಹತ್ತಿರ ನಿಂತುಕೊಂಡಿದ್ದೀರಿ. ‘ಮುಂದಿನ ಸಲ ಕನಸು ಕಾಣುವಾಗ ಇದು ಕನಸೆಂದು ನೆನಪು ಮಾಡಿಕೊಳ್ಳುತ್ತೇನೆ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನಿದ್ದೆಗೆ ಜಾರಿದ್ದೀರಿ. ಹೀಗೆ ಸಂಕಲ್ಪ ಮಾಡಿ ಮಲಗುವ ಕ್ರಮವನ್ನು ರೂಢಿಗೆ ತಂದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕನಸನ್ನು ಅಭ್ಯಾಸ ಮಾಡಿದ ಸ್ಟೀಫನ್ ಲಾಬರ್ಜ್. ಹೆಸರು ಅವರದಾದರೂ ಇದು ನಮ್ಮ ಮನೆಗಳಿಗೆ ತೀರ ಹೊಸತಲ್ಲ. ಹನುಮಂತ, ಗರುಡ, ಭೀಮಸೇನರನ್ನು ನೆನೆದು ಮಲಗಿದರೆ ಕೆಟ್ಟ ಕನಸು ಬೀಳುವುದಿಲ್ಲವೆಂದು ಎಷ್ಟೋ ಅಜ್ಜಿಯರು ಮೊಮ್ಮಕ್ಕಳಿಗೆ ಒಂದು ಶ್ಲೋಕ ಕಲಿಸಿದ್ದಾರೆ. ನಿದ್ದೆಯ ಅಂಚಿನಲ್ಲಿ ಮನಸ್ಸಿಗೆ ಕೊಟ್ಟ ಮಾತು ನಿದ್ದೆಯೊಳಗೂ ಕೆಲಸ ಮಾಡುತ್ತದೆ ಎಂಬ ನಂಬಿಕೆ ಎರಡರಲ್ಲೂ ಇದೆ.

ಆಮೇಲಿನ ಕೆಲವು ಗಂಟೆ ನಿಮಗೆ ಗೊತ್ತೇ ಇಲ್ಲ. ರಾತ್ರಿಯ ಮೊದಲ ಭಾಗ ಆಳವಾದ ನಿದ್ದೆಯದು. ಸಣ್ಣ ಮಕ್ಕಳು ಮಲಗಿದ ಒಂದೆರಡು ಗಂಟೆಯಲ್ಲೇ ಕಿಟಾರನೆ ಕಿರುಚಿ ಎದ್ದು, ಅಮ್ಮನ ಗುರುತೂ ಹತ್ತದೆ ಹೊರಳಾಡಿ, ಬೆಳಿಗ್ಗೆ ಏನೂ ನೆನಪಿಲ್ಲವೆನ್ನುತ್ತಾರಲ್ಲ, ಅದು ಈ ಆಳ ನಿದ್ದೆಯ ಭೀತಿ. ಕೆಟ್ಟ ಕನಸೇ ಬೇರೆ. ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ನಿದ್ದೆಯ ಸುತ್ತು ತಿರುಗಿ, ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಚಕಚಕನೆ ಓಡಾಡುವ ಹಂತವೊಂದು ಬರುತ್ತದೆ. ಷಿಕಾಗೋದಲ್ಲಿ ಯೂಜಿನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಪ್ರಕಟಿಸಿದ ಈ ‘ರೆಮ್’ ನಿದ್ದೆ ಬೆಳಗಿನ ಜಾವಕ್ಕೆ ಹೋದಷ್ಟೂ ಉದ್ದವಾಗುತ್ತದೆ. ನೆನಪಿನಲ್ಲಿ ಉಳಿಯುವ ಕೆಟ್ಟ ಕನಸು ಹೆಚ್ಚಾಗಿ ಕೋಳಿ ಕೂಗುವ ಹೊತ್ತಿಗೆ ಬೀಳುವುದು ಅದಕ್ಕೇ. ಈ ಹಂತದಲ್ಲಿ ಮೆದುಳು ಕೈಕಾಲಿನ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಉಸಿರು ನಡೆಯುತ್ತದೆ, ಕಣ್ಣು ಓಡುತ್ತದೆ, ಉಳಿದ ಮೈ ಸುಮ್ಮನೆ ಬಿದ್ದಿರುತ್ತದೆ. ನೀವು ಕನಸಿನಲ್ಲಿ ಮನೆಯಿಡೀ ಓಡುತ್ತಿದ್ದೀರಿ. ಹೊದಿಕೆಯ ಕೆಳಗೆ ಕಾಲು ಅಲುಗಿಯೇ ಇಲ್ಲ.

ಬೆಳಗಿನ ಜಾವದ ಆ ಹೊತ್ತಿಗೆ ಬನ್ನಿ.

ಇಲ್ಲದ ಕೋಣೆಯಿಂದ ಹೇಗೋ ಮತ್ತೆ ನಡುಮನೆಗೆ ಬಂದು ಬಿದ್ದಿದ್ದೀರಿ. ಕನಸಿನಲ್ಲಿ ದಾರಿಗಳು ಹಾಗೆ. ಕಣ್ಣು ಕ್ಯಾಲೆಂಡರಿನ ಮೇಲೆ ಹೋಗುತ್ತದೆ. ಆಷಾಢ ಎಂದಿದೆ. ಹೆಬ್ಬಾಗಿಲ ಕಡೆ ನೋಡಿ ಮತ್ತೆ ಕ್ಯಾಲೆಂಡರ್ ನೋಡುತ್ತೀರಿ. ಈಗ ಅಲ್ಲಿ ಓದಲಾಗದ ಯಾವುದೋ ಅಕ್ಷರ. ಕನಸಿನಲ್ಲಿ ಬರಹ ಒಂದೇ ಕಡೆ ನಿಲ್ಲುವುದು ಕಡಿಮೆ, ಎರಡನೇ ಸಲ ಓದಿದರೆ ಹೆಚ್ಚಾಗಿ ಬದಲಾಗಿರುತ್ತದೆ. ಏನೋ ಸರಿಯಿಲ್ಲ ಎಂದು ಅನಿಸುತ್ತದೆ. ಆಮೇಲೆ ಪೆನ್ಸಿಲಿನ ಎರಡು ಗೆರೆ ನೆನಪಾಗುತ್ತದೆ. ಈ ಮನೆ ಈಗ ಇಲ್ಲ.

ಈ ಮನೆ ಇಲ್ಲ. ಅಂದ ಮೇಲೆ ಇದು ಕನಸು.

ಆ ಒಂದು ಕ್ಷಣಕ್ಕೆ ಆಗುವುದನ್ನು ಅನುಭವಿಸಿದವರೇ ಬಲ್ಲರು. ಮಳೆ ನಿಲ್ಲುವುದಿಲ್ಲ, ಮನೆ ಮಾಯವಾಗುವುದಿಲ್ಲ, ಭಯವೂ ಪೂರ್ತಿ ಹೋಗುವುದಿಲ್ಲ. ಆದರೆ ಎಲ್ಲವೂ ಒಮ್ಮೆಗೇ ನಿಚ್ಚಳವಾಗುತ್ತದೆ. ಅಡಿಕೆ ಮೂಟೆಯ ಗೋಣಿಯ ಎಳೆ ಎಳೆಯೂ ಕಾಣುತ್ತದೆ. ತನ್ನ ಹಾಸಿಗೆ ಬೆಂಗಳೂರಿನಲ್ಲಿದೆ, ತಾನು ಅದರ ಮೇಲೆ ಮಲಗಿದ್ದೇನೆ ಎಂಬುದು ನಿಮಗೆ ಗೊತ್ತು. ಕಾಲ ಕೆಳಗಿನ ನೆಲ ತಣ್ಣಗಿರುವುದೂ ಗೊತ್ತು. ಕನಸಿನೊಳಗಿನ ಈ ಎಚ್ಚರಕ್ಕೆ ‘ಲೂಸಿಡ್ ಡ್ರೀಮ್’ ಎಂಬ ಹೆಸರನ್ನು ಚಾಲ್ತಿಗೆ ತಂದವರು ಡಚ್ ಮನೋವೈದ್ಯ, ಸಾಹಿತಿ ಫ್ರೆಡೆರಿಕ್ ವಾನ್ ಈಡನ್, 1913ರಲ್ಲಿ. ಇದು ಅಪರೂಪದವರ ಸಿದ್ಧಿಯಲ್ಲ. ಹಲವು ದಶಕಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2016ರ ಲೆಕ್ಕವೊಂದರ ಪ್ರಕಾರ ನೂರಕ್ಕೆ 55 ಮಂದಿಗಾದರೂ ಬದುಕಿನಲ್ಲಿ ಒಮ್ಮೆ ಇದು ಆಗಿರುತ್ತದೆ.

ಎದ್ದ ಮೇಲೆ ಹೇಳುವ ಕಥೆ, ಯಾರು ನಂಬಬೇಕು ಎಂದು ಬಹುಕಾಲ ವಿಜ್ಞಾನಿಗಳು ತಲೆ ಕೊಡವಿದ್ದುಂಟು. ಅವರಿಗೆ ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ, 1975ರ ಏಪ್ರಿಲ್ 12ರ ಬೆಳಿಗ್ಗೆ. ಕನಸಿನಲ್ಲಿ ಎಚ್ಚರವಾಗಬಲ್ಲ ಅಲನ್ ವರ್ಸ್‌ಲಿ ಅಲ್ಲಿ ತಂತಿಗಳನ್ನು ಅಂಟಿಸಿಕೊಂಡು ಮಲಗಿದ್ದರು. ಪಕ್ಕದಲ್ಲಿ ಕೀತ್ ಹರ್ನ್ ಯಂತ್ರದ ಕಾಗದ ನೋಡುತ್ತಿದ್ದರು. ಮೈಯೆಲ್ಲ ಸಡಿಲವಾದರೂ ಕಣ್ಣಿಗೆ ಕಟ್ಟಿಲ್ಲವಲ್ಲ. ಕನಸೆಂದು ಗೊತ್ತಾದೊಡನೆ ಕಣ್ಣನ್ನು ಎಡಕ್ಕೆ ಬಲಕ್ಕೆ ಮೊದಲೇ ಮಾತಾದ ಹಾಗೆ ಹೊರಳಿಸಬೇಕು ಎಂಬುದು ಅವರ ಒಪ್ಪಂದ. ರೆಮ್ ನಿದ್ದೆಯಲ್ಲಿದ್ದ ಮನುಷ್ಯನಿಂದ ಆ ಸನ್ನೆ ಕಾಗದದ ಮೇಲೆ ಬಂದು ಬಿತ್ತು. ಕೆಲವೇ ವರ್ಷಗಳಲ್ಲಿ ಲಾಬರ್ಜ್ ಇದನ್ನು ಸ್ವತಂತ್ರವಾಗಿ ಮಾಡಿ ತೋರಿಸಿದರು. 2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳ ನಾಲ್ಕು ಪ್ರಯೋಗಶಾಲೆಗಳು ಸೇರಿ ಪ್ರಕಟಿಸಿದ ಪ್ರಯೋಗದಲ್ಲಂತೂ ಕನಸು ಕಾಣುತ್ತಿದ್ದವರಿಗೆ ಹೊರಗಿನಿಂದ ಲೆಕ್ಕ ಕೇಳಲಾಯಿತು. ಎಂಟರಲ್ಲಿ ಆರು ಹೋದರೆ ಎಷ್ಟು? ನಿದ್ದೆಯೊಳಗಿಂದ ಕಣ್ಣು ಎರಡು ಸಲ ಹೊರಳಿ ಉತ್ತರ ಕೊಟ್ಟಿತು.

ನಡುಮನೆಯಲ್ಲಿ ನಿಂತಿರುವ ನಿಮಗೆ ಈ ಚರಿತ್ರೆಯಿಂದ ತಕ್ಷಣಕ್ಕೆ ಸಿಗುವ ಧೈರ್ಯ ಇಷ್ಟೇ: ಈ ಎಚ್ಚರ ಭ್ರಮೆಯಲ್ಲ. ಕೊಪ್ಪೆಯವನು ಹೊಸ್ತಿಲು ದಾಟಿದ್ದಾನೆ. ಏನು ಮಾಡುತ್ತೀರಿ?

ಮಾಡಬಹುದಾದದ್ದು ಬಹಳ ಇದೆ. ಕಣ್ಣು ಬಿಗಿಯಾಗಿ ಮುಚ್ಚಿ, ಏಳಬೇಕು ಏಳಬೇಕು ಎಂದುಕೊಂಡರೆ ಎಷ್ಟೋ ಸಲ ಎಚ್ಚರವಾಗಿಬಿಡುತ್ತದೆ. ಮಾಡು ಒಡೆದು ಆಕಾಶಕ್ಕೆ ಹಾರಬಹುದು. ಕನಸಿನಲ್ಲಿ ಎಚ್ಚರವಾದವರಲ್ಲಿ ಎಷ್ಟೋ ಮಂದಿ ಮಾಡುವುದು ಇದನ್ನೇ. ಮೂಲೆಯ ಕತ್ತಿ ತೆಗೆದುಕೊಂಡು ಅವನನ್ನು ಕಡಿಯಲೂಬಹುದು. ಯಾವುದಕ್ಕೂ ಕೇಸು ಬೀಳುವುದಿಲ್ಲ. ಆದರೆ ಇವು ಯಾವುದನ್ನೂ ಮಾಡಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಹಳ್ಳಿಗಳವರೆಗೆ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ಗೊತ್ತಿದ್ದವರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ವಾಪಸು ಹೋಗುತ್ತದೆ ಎಂಬ ಸುದ್ದಿ ಹಬ್ಬಿತ್ತು. ಕೆಟ್ಟ ಕನಸಿನಿಂದ ಹಾರಿ ತಪ್ಪಿಸಿಕೊಳ್ಳುವುದೂ ಬಾಗಿಲಿಗೆ ಅದನ್ನೇ ಬರೆದ ಹಾಗೆ. ಈ ರಾತ್ರಿ ಕಳೆಯುತ್ತದೆ, ಅವನು ನಾಳೆ ಬರುತ್ತಾನೆ.

ಈ ಮಾತಿಗೆ ನನಗೆ ಸಾಕ್ಷಿಯಾಗಿ ಮೊದಲು ನೆನಪಾಗುವವರು ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನ ಎರ್ವೆ ದ ಸ್ಯಾಂ ದೆನಿ. ಚೀನೀ ಭಾಷೆಯ ವಿದ್ವಾಂಸ. ಹದಿಮೂರನೇ ವಯಸ್ಸಿನಿಂದಲೇ ಕನಸುಗಳನ್ನು ಬರೆದಿಡುತ್ತಿದ್ದ ಅವರು 1867ರಲ್ಲಿ ಕನಸುಗಳ ಮೇಲೆ, ಅವನ್ನು ನಡೆಸುವ ಬಗೆಯ ಮೇಲೆ ಒಂದು ಪುಸ್ತಕವನ್ನೇ ತಮ್ಮ ಹೆಸರು ಹಾಕದೆ ಪ್ರಕಟಿಸಿದರು. ಅವರನ್ನೂ ಒಂದು ಕನಸು ಕಾಡುತ್ತಿತ್ತು. ಸಾಲು ಸಾಲು ಕೋಣೆ, ಹಿಂದೆ ವಿಕಾರ ರೂಪಗಳ ದಂಡು. ಒಂದು ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ ಹಿಂದಿನದನ್ನು ಅವು ತೆರೆದ ಸದ್ದು. ಓಡಿ ಓಡಿ ಎಚ್ಚರವಾಗುತ್ತಿತ್ತು, ಕನಸು ಮತ್ತೆ ಬರುತ್ತಿತ್ತು. ನಾಲ್ಕನೇ ಸಲ ಬಂದಾಗ, ಅವು ಬೆನ್ನಟ್ಟುವ ಹೊತ್ತಿಗೆ ಸರಿಯಾಗಿ, ಇದು ಕನಸೆಂದು ಅವರಿಗೆ ಹೊಳೆಯಿತು. ಗೋಡೆಗೆ ಬೆನ್ನು ಕೊಟ್ಟು ನಿಂತರು. ಮೊದಲ ನೋಟಕ್ಕೆ ಎದೆ ನಡುಗಿತಂತೆ. ಆದರೂ ಕಣ್ಣು ಕೀಳದೆ ಮುಂದಿದ್ದ ಒಂದರ ಮೇಲೆ ನೋಟ ನೆಟ್ಟರು: ಇಗರ್ಜಿಯ ಬಾಗಿಲುವಾಡದಲ್ಲಿ ಕೆತ್ತಿದ ಪಿಶಾಚಿಗಳ ಹಾಗಿನ ರೂಪ, ಅದರ ಉಗುರು, ಅದರ ಹುಬ್ಬಿನ ಕೂದಲು. ಒಂದನ್ನೇ ನೋಡುತ್ತ ನೋಡುತ್ತ ಉಳಿದವು ಇಲ್ಲವಾದವು. ಆಮೇಲೆ ಅದೂ ಮಂದವಾಯಿತು, ಮಸುಕಾಯಿತು, ಕಾರ್ನಿವಲ್ ಕಾಲದ ಅಂಗಡಿಯಲ್ಲಿ ತೂಗುಹಾಕಿದ ಮಾಸಲು ವೇಷದ ಬಟ್ಟೆಯಾಗಿ ಉಳಿಯಿತು. ಅವರು ಗೆದ್ದದ್ದು ಕತ್ತಿಯಿಂದಲ್ಲ, ಕುತೂಹಲದಿಂದ.

ಇನ್ನೊಬ್ಬರು ಜರ್ಮನಿಯ ಮನಶ್ಶಾಸ್ತ್ರಜ್ಞ ಪಾಲ್ ಥೋಲಿ. ತಂದೆ ತೀರಿಕೊಂಡ ಮೇಲೆ ಅವರ ಕನಸಿಗೆ ಆ ತಂದೆಯೇ ಗದರುವ, ಹೆದರಿಸುವ ರೂಪದಲ್ಲಿ ಬರತೊಡಗಿದರು. ಕನಸೆಂಬ ಎಚ್ಚರವಿದ್ದಾಗ ಥೋಲಿ ತಂದೆಯನ್ನು ಹೊಡೆದದ್ದೂ ಉಂಟು. ಗೆಲ್ಲುತ್ತಿದ್ದರು, ಆದರೂ ತಂದೆ ಮತ್ತೆ ಬರುತ್ತಿದ್ದರು. ಒಂದು ರಾತ್ರಿ ಹುಲಿಯೊಂದು ಅಟ್ಟಿಸಿಕೊಂಡು ಬಂತು. ಓಡುವುದನ್ನು ಬಲವಂತವಾಗಿ ನಿಲ್ಲಿಸಿ, ತಿರುಗಿ, ನೀನು ಯಾರು ಎಂದು ಕೇಳಿದರು. ಹುಲಿ ಗಲಿಬಿಲಿಗೊಂಡು ತಂದೆಯಾಯಿತು. ಆ ದಿನ ಹೊಡೆದಾಟವಾಗಲಿಲ್ಲ, ಮಾತಾಯಿತು. ತಂದೆಯ ಬೆದರಿಕೆಯನ್ನು, ಬೈಗುಳವನ್ನು ಅವರು ಒಪ್ಪಲಿಲ್ಲ. ಕೆಲವು ಆಕ್ಷೇಪಣೆಗಳು ಸರಿಯೆನಿಸಿ ಒಪ್ಪಿಕೊಂಡರು. ಕೊನೆಗೆ ಇಬ್ಬರೂ ಕೈ ಕುಲುಕಿದರು. ಆ ಮೇಲೆ ತಂದೆ ಭಯದ ರೂಪದಲ್ಲಿ ಬರಲೇ ಇಲ್ಲ. ಕನಸಿನ ವೈರಿಯ ಮೇಲೆ ಏರಿ ಹೋಗುವುದಕ್ಕಿಂತ ಮಾತಾಡಿ ರಾಜಿಯಾಗುವುದೇ ಉತ್ತಮ ಎಂದು ಥೋಲಿ ಮುಂದೆ ತಮ್ಮ ಅಧ್ಯಯನಗಳಲ್ಲಿ ಬರೆದರು. ಟಿಬೆಟನ್ನರ ಸ್ವಪ್ನಯೋಗ ಇದಕ್ಕಿಂತ ಎಷ್ಟೋ ಹಳೆಯದು. ನಾರೋಪನ ಹೆಸರಿನಲ್ಲಿ ಬಂದ ಆರು ಯೋಗಗಳಲ್ಲಿ ಅದೂ ಒಂದು. ಕನಸಿನಲ್ಲಿ ಬೆಂಕಿ ಕಂಡರೆ ಕನಸೆಂದು ಅರಿತು ಬೆಂಕಿಯೊಳಕ್ಕೇ ಕಾಲಿಡು ಎಂಬ ಪಾಠ ಅಲ್ಲಿದೆ. ನಮ್ಮ ಬೈಲಕುಪ್ಪೆಯಲ್ಲಿ ನೆಲೆ ನಿಂತ ಟಿಬೆಟನ್ನರು ಬಿಟ್ಟು ಬಂದ ನಾಡಿನಿಂದ ಹೊತ್ತು ತಂದ ವಿದ್ಯೆಗಳ ಸಾಲಿನಲ್ಲಿ ಇದೂ ಸೇರಿದೆ.

ನೀವು ನಿಲ್ಲುತ್ತೀರಿ.

ಇದು ಹೇಳಿದಷ್ಟು ಸುಲಭವಲ್ಲ. ಕನಸೆಂದು ಗೊತ್ತಿದ್ದೂ ಮೊಣಕಾಲು ನಡುಗುತ್ತದೆ, ಎದೆಯ ಬಡಿತ ಕಿವಿಗೆ ಕೇಳುತ್ತದೆ. ಇದು ಕನಸು ಎಂದು ಬಾಯಿಬಿಟ್ಟು ಹೇಳುತ್ತೀರಿ. ಗಂಟಲು ಬಿಡುತ್ತದೆ, ಸ್ವರ ಹೊರಡುತ್ತದೆ. ದೃಶ್ಯ ಅಂಚಿನಲ್ಲಿ ಮಸುಕಾಗತೊಡಗಿದೆ, ಇನ್ನೇನು ಎಚ್ಚರವಾಗಿಬಿಡುತ್ತದೆ. ಎರಡೂ ಅಂಗೈ ಸೇರಿಸಿ ಉಜ್ಜುತ್ತೀರಿ. ಕನಸು ಹರಿದುಹೋಗದಂತೆ ಹಿಡಿಯಲು ಲಾಬರ್ಜ್ ಹೇಳಿಕೊಟ್ಟ ಉಪಾಯ ಅದು, ಕನಸಿನ ಮೈಗೆ ಏನಾದರೊಂದು ಸ್ಪರ್ಶದ ಕೆಲಸ ಕೊಡುವುದು. ಅಂಗೈ ಬಿಸಿಯಾಗುತ್ತದೆ. ನಡುಮನೆ ಮತ್ತೆ ಗಟ್ಟಿಯಾಗುತ್ತದೆ.

ಅವನು ಮೂರು ಮಾರು ದೂರದಲ್ಲಿದ್ದಾನೆ. ನೀವು ಸ್ಯಾಂ ದೆನಿಯಂತೆ ಒಂದೊಂದನ್ನೇ ನೋಡುತ್ತೀರಿ. ಕಂಬಳಿಯ ಅಂಚು ಸವೆದಿದೆ. ನೀರು ತೊಟ್ಟಿಕ್ಕುತ್ತಿದೆ. ಕಾಲಿಗೆ ಕೆಸರು ಮೆತ್ತಿದೆ, ಹೆಬ್ಬೆರಳಿನ ಪಕ್ಕದಲ್ಲಿ ಉಂಬಳ ಕಚ್ಚಿದಲ್ಲಿ ರಕ್ತ ಸಣ್ಣಗೆ ಇಳಿದಿದೆ. ಉಂಬಳ ಕಚ್ಚಿಸಿಕೊಂಡ ದೆವ್ವವನ್ನು ನೀವು ಈವರೆಗೆ ಕೇಳಿಲ್ಲ. ಭಯ ಒಂದಿಷ್ಟು ಇಳಿಯುತ್ತದೆ.

‘ಯಾರು ನೀವು? ಏನು ಬೇಕಿತ್ತು?’

ಜಗಲಿಗೆ ಬಂದವರನ್ನು ಆ ಮನೆಯಲ್ಲಿ ಯಾವಾಗಲೂ ಹಾಗೇ ಕೇಳುತ್ತಿದ್ದದ್ದು. ಕೊಪ್ಪೆ ಅಲುಗುತ್ತದೆ. ಅದರೊಳಗಿನ ಕತ್ತಲಿಂದ ದನಿ ಬರುತ್ತದೆ, ಶೀತ ಹಿಡಿದವರ ದಪ್ಪ ದನಿ.

‘ಮಗಾ, ದನ ಎಲ್ಲ ಕೊಟ್ಟಿಗೆಗೆ ಬಂತಾ?’

ಇದಕ್ಕೆ ಏನು ಅರ್ಥ ಎಂದು ನೀವು ಆ ಹೊತ್ತಿನಲ್ಲಿ ಯೋಚಿಸುವುದಿಲ್ಲ, ಯೋಚಿಸಬೇಕಾದ್ದೂ ಇಲ್ಲ. ‘ಬಂತು, ಎಲ್ಲ ಬಂತು’ ಎನ್ನುತ್ತೀರಿ. ಅವನು ತಲೆಯಾಡಿಸುತ್ತಾನೆ. ‘ಬಚ್ಚಲ ಒಲೆಯಲ್ಲಿ ಬೆಂಕಿ ಇದೆ, ಕಾಯಿಸಿಕೊಳ್ಳಿ’ ಎಂದು ನಿಮ್ಮ ಬಾಯಿಂದ ಬರುತ್ತದೆ. ಅವನು ನಿಮ್ಮ ಪಕ್ಕದಲ್ಲೇ ಹಾದು ಬಚ್ಚಲ ಕಡೆ ನಡೆಯುತ್ತಾನೆ. ಒದ್ದೆ ಕಂಬಳಿಯ ವಾಸನೆ ಮೂಗಿಗೆ ಬಡಿಯುತ್ತದೆ. ಮುಖ ಕಾಣಲೇ ಇಲ್ಲ.

ಎಲ್ಲರ ಕನಸೂ ಹೀಗೆ ಮಾತು ಕೇಳುವುದಿಲ್ಲ. ಕೆಲವೊಮ್ಮೆ ಎದುರಿನ ರೂಪ ಉತ್ತರ ಕೊಡದೆ ಮತ್ತೂ ದೊಡ್ಡದಾಗುತ್ತದೆ. ಕನಸೆಂದು ಗೊತ್ತಿದ್ದೂ ಏನೂ ಮಾಡಲಾಗದೆ, ಏಳಲೂ ಆಗದೆ ಸಿಕ್ಕಿಬೀಳುವುದುಂಟು. ಸಂಶೋಧಕರು ಅದನ್ನು ಲೂಸಿಡ್ ದುಃಸ್ವಪ್ನವೆಂದೇ ಕರೆದು ಬೇರೆಯಾಗಿ ಅಭ್ಯಾಸ ಮಾಡಿದ್ದಾರೆ. ಅಲ್ಲಿ ಹಠ ಹಿಡಿದಷ್ಟೂ ಬಿಗಿಯಾಗುತ್ತದೆ. ಕನಸನ್ನು ಬದಲಿಸುವ ಪ್ರಯತ್ನ ಕೈಬಿಟ್ಟು ನಮ್ಮ ವರ್ತನೆಯನ್ನಷ್ಟೇ ಬದಲಿಸಿಕೊಳ್ಳುವುದು, ಅಂದರೆ ನಿಲ್ಲುವುದು, ಉಸಿರಾಡುವುದು, ನೋಡುವುದು, ಇವಷ್ಟೇ ಆಗ ಕೈಯಲ್ಲಿರುವುದು. ಬರುವುದು ಬಂದು ಮೈಮೇಲೆ ಬಿದ್ದರೂ ಹಾಸಿಗೆಯಲ್ಲಿರುವ ಮೈಗೆ ಏನೂ ಆಗುವುದಿಲ್ಲ.

ನಿಮಗೆ ಎಚ್ಚರವಾಗುತ್ತದೆ. ನಿಮ್ಮ ಕೋಣೆ, ಕಿಟಕಿಯಲ್ಲಿ ಬೀದಿದೀಪದ ಬೆಳಕು, ಸ್ಟೂಲಿನ ಮೇಲೆ ನೋಟ್‌ಬುಕ್ಕು. ಅಬ್ಬಾ ಎನ್ನುತ್ತ ಸ್ವಿಚ್ಚು ಒತ್ತುತ್ತೀರಿ. ದೀಪ ಹತ್ತುವುದಿಲ್ಲ. ಮತ್ತೆ ಒತ್ತುತ್ತೀರಿ. ಬಾಗಿಲ ಹಿಂದೆ, ಅಂಗಿ ತೂಗುಹಾಕುವ ಮೊಳೆಯಲ್ಲಿ, ಒದ್ದೆ ಕೊಪ್ಪೆಯೊಂದು ನೇತಾಡುತ್ತಿದೆ.

ಇದಕ್ಕಿಂತ ಭಯಂಕರವಾದ ಕ್ಷಣ ಇಡೀ ರಾತ್ರಿಯಲ್ಲಿ ಇನ್ನೊಂದಿಲ್ಲ. ವಾನ್ ಈಡನ್ ಕನಸುಗಳನ್ನು ಬಗೆ ಬಗೆಯಾಗಿ ವಿಂಗಡಿಸುವಾಗ ಈ ಸುಳ್ಳು ಎಚ್ಚರವನ್ನೂ ಒಂದು ಬಗೆಯೆಂದು ಗುರುತಿಸಿದ್ದರು: ತನ್ನದೇ ಮಲಗುವ ಕೋಣೆಯಲ್ಲಿ ಎದ್ದಂತೆ ಅನಿಸುತ್ತದೆ, ಮೆಲ್ಲಗೆ ಸುತ್ತಲೂ ಏನೋ ಅಸಹಜವಾದದ್ದು ಇದೆಯೆಂದು ತಿಳಿಯುತ್ತದೆ. ಈ ಹೊತ್ತಿಗೆ ಒಂದು ಪರೀಕ್ಷೆಯನ್ನು ನೀವು ಹಗಲಿನಲ್ಲೇ ರೂಢಿ ಮಾಡಿಕೊಂಡಿದ್ದೀರಿ, ಬಸ್‌ಸ್ಟಾಪಿನಲ್ಲಿ, ಆಫೀಸಿನಲ್ಲಿ, ಯಾರಿಗೂ ಕಾಣದ ಹಾಗೆ. ಮೂಗನ್ನು ಎರಡು ಬೆರಳಲ್ಲಿ ಒತ್ತಿ, ಬಾಯಿ ಮುಚ್ಚಿ, ಉಸಿರೆಳೆಯುವುದು. ಎಚ್ಚರದಲ್ಲಿ ಉಸಿರು ನಿಲ್ಲುತ್ತದೆ. ಈಗ ಒತ್ತುತ್ತೀರಿ, ಮುಚ್ಚಿದ ಮೂಗಿನಲ್ಲಿ ಗಾಳಿ ಸರಾಗವಾಗಿ ಒಳಗೆ ಹೋಗುತ್ತದೆ. ಸರಿ, ಇನ್ನೂ ಕನಸು. ಕೊಪ್ಪೆಯ ಹತ್ತಿರ ಹೋಗಿ ಅದನ್ನು ಕೈಯಲ್ಲಿ ಮುಟ್ಟುತ್ತೀರಿ. ಒರಟು ಉಣ್ಣೆ. ಅಷ್ಟೇ.

ಆಮೇಲೆ ನಿಜಕ್ಕೂ ಎಚ್ಚರ. ಮೂಗು ಒತ್ತಿದರೆ ಉಸಿರು ನಿಲ್ಲುತ್ತದೆ, ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತದೆ. ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ. ಒಂದಿಷ್ಟು ನೀರು ಕುಡಿದು, ಪೆನ್ಸಿಲು ತೆಗೆದುಕೊಂಡು, ಅಳಿಸಿಹೋಗುವ ಮೊದಲು ಎಲ್ಲವನ್ನೂ ಬರೆಯುತ್ತೀರಿ. ಇಂದು ಎದ್ದ ಮೇಲೆ ಉಳಿದದ್ದು ಅರ್ಧ ಭಯ, ಅರ್ಧ ಆಶ್ಚರ್ಯ. ಹಾಸಿಗೆಯ ಕಡೆ ನೋಡಲು ಹೆದರಿಕೆಯಾಗುತ್ತಿಲ್ಲ.

ಈ ಕಥೆ ಓದಿ, ಕನಸಿನಲ್ಲಿ ಎಚ್ಚರವಾಗಲು ತಿಂಗಳುಗಟ್ಟಲೆ ಪ್ರಯತ್ನಿಸಿಯೂ ಆಗದವರು ಬೇಸರಪಡಬಾರದು. ನೆದರ್‌ಲ್ಯಾಂಡ್ಸಿನ ವಿಕ್ಟರ್ ಸ್ಪೋರ್ಮಾಕರ್ ಮತ್ತು ಯಾನ್ ವಾನ್ ಡೆನ್ ಬೌಟ್ ದುಃಸ್ವಪ್ನದಿಂದ ನರಳುತ್ತಿದ್ದ 23 ಮಂದಿಯ ಮೇಲೆ ಮಾಡಿದ ಪ್ರಾಯೋಗಿಕ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಈ ವಿದ್ಯೆ ಕಲಿಸಿದ ಮೇಲೆ ಕೆಟ್ಟ ಕನಸುಗಳು ಕಡಿಮೆಯಾದವು. ಆದರೆ ಕಡಿಮೆಯಾಗಲು ಕನಸಿನೊಳಗೆ ಎಚ್ಚರವಾಗಲೇಬೇಕೆಂದೇನೂ ಇರಲಿಲ್ಲ. ಹಗಲಿನಲ್ಲಿ ಕನಸನ್ನು ಎದುರಿಟ್ಟುಕೊಂಡು, ಅದರ ಮುಂದಿನ ಕಥೆ ಬೇರೆಯಾಗಬಹುದೆಂದು ಮನಸ್ಸಿಗೆ ಮತ್ತೆ ಮತ್ತೆ ತೋರಿಸುವುದರಲ್ಲೇ ಬಹುಪಾಲು ಗುಣವಿದೆ ಎಂದು ನಾನು ತಿಳಿಯುತ್ತೇನೆ. ಅಮೆರಿಕದ ಬ್ಯಾರಿ ಕ್ರ್ಯಾಕೋ ಇದನ್ನೇ ಚಿಕಿತ್ಸೆಯಾಗಿ ರೂಪಿಸಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ 168 ಮಹಿಳೆಯರಲ್ಲಿ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಕನಸನ್ನು ನಿಮಗೆ ಬೇಕಾದ ಹಾಗೆ ಬದಲಿಸಿ ಬರೆದುಕೊಂಡು, ದಿನವೂ ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಆ ಹೊಸ ಕನಸನ್ನೇ ನೋಡುವುದು. ಇಂದು ದುಃಸ್ವಪ್ನಕ್ಕೆ ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆ ಶಿಫಾರಸು ಮಾಡುವುದು ಇದನ್ನೇ. ಲೂಸಿಡ್ ಕನಸಿನ ಚಿಕಿತ್ಸೆಯನ್ನು ಬಳಸಬಹುದಾದವುಗಳ ಸಾಲಿನಲ್ಲಿ ಇಟ್ಟಿದೆ. ಹಾಗಾಗಿ ಮಲಗುವಾಗ ಹೆಬ್ಬಾಗಿಲ ಹತ್ತಿರ ನಿಂತ ಆ ಅಭ್ಯಾಸವೇ ಇಡೀ ರಾತ್ರಿಯ ಮುಖ್ಯ ಕೆಲಸ.

ಕನಸಿನ ಬೆನ್ನು ಹತ್ತಿ ನಿದ್ದೆ ಕೆಡಿಸಿಕೊಳ್ಳಬೇಡಿ. ನಡುರಾತ್ರಿ ಅಲಾರಂ ಇಟ್ಟು ಏಳುವ ವಿಧಾನಗಳನ್ನು ಮೊದಲೇ ನಿದ್ದೆಗೆಟ್ಟವರು ಮುಟ್ಟದಿರುವುದೇ ಒಳ್ಳೆಯದು. ಯಾವುದು ನಿಜ, ಯಾವುದು ಕಲ್ಪನೆ ಎಂಬ ಗೊಂದಲ ಎಚ್ಚರದಲ್ಲೂ ಕಾಡುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಕೆಟ್ಟ ಕನಸು ಇದ್ದಕ್ಕಿದ್ದಂತೆ ಹೆಚ್ಚಾದರೆ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ನೋಡಿ. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್‌ಗಳು, ಕೆಲವು ಖಿನ್ನತೆಯ ಔಷಧಿಗಳು ಇದಕ್ಕೆ ಕಾರಣವಾಗುವುದುಂಟು. ಅವನ್ನು ತಾವಾಗಿ ನಿಲ್ಲಿಸದೆ ಬರೆದುಕೊಟ್ಟವರ ಹತ್ತಿರ ಹೇಳಿ. ವಯಸ್ಸಾದವರು ನಿದ್ದೆಯಲ್ಲಿ ಕನಸಿಗೆ ತಕ್ಕ ಹಾಗೆ ಕೈಕಾಲು ಬೀಸುತ್ತಿದ್ದರೆ, ಪಕ್ಕದಲ್ಲಿ ಮಲಗಿದವರಿಗೆ ಏಟು ಬೀಳುತ್ತಿದ್ದರೆ, ಅದನ್ನು ಬರೀ ಕನಸೆಂದು ಬಿಡದೆ ನರರೋಗ ತಜ್ಞರಿಗೆ ತೋರಿಸಿ. ಅಪಘಾತವನ್ನೋ ಅತ್ಯಾಚಾರವನ್ನೋ ಸಾವನ್ನೋ ಕಂಡವರ ಕನಸು ಆ ದಿನವನ್ನೇ ಮತ್ತೆ ಮತ್ತೆ ತರುತ್ತಿದ್ದರೆ, ಅದರ ಎದುರು ಒಬ್ಬರೇ ನಿಲ್ಲಬೇಕಾಗಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.